ಅಡುಗೆಯವನು ಕಪ್ತಾನನಾದ ಬಗೆ

ಕಾರ್ತಿಕದ ಎರಡನೆಯ ಸೋಮವಾರ ಬೆಳಿಗ್ಗೆ, ಅಜ್ಜಂಪುರದ ಪೇಟೆ ಬೀದಿಯ ನಮ್ಮ ಮನೆಯಲ್ಲಿ, ಅಜ್ಜಿ ಉಗ್ರಾಣದ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ನಡುಮನೆಯ ಗೂಟಕ್ಕೆ ನೇತುಹಾಕಿದರು. ಅದಕ್ಕೆ ಮೊದಲು ಬೀಗದ ಕಂಡಿಯನ್ನು ಬೆರಳಿನಿಂದ ಹುಡುಕಿ ಮೂರು ಸಲ ತಪ್ಪಿದ್ದರು. ನಾಲ್ಕನೆಯ ಸಲ ಪ್ರಯತ್ನಿಸಲಿಲ್ಲ. ಮನೆಯವರೆಲ್ಲ ಅಲ್ಲೇ ಇದ್ದೆವು. ಅವರು ನಮ್ಮಲ್ಲಿ ಯಾರ ಕಡೆಗೂ ತಿರುಗದೆ ಗೋಡೆಗೆ ಹೇಳಿದ ಹಾಗೆ ಹೇಳಿದರು:

"ಕಣ್ಣು ಹೋಯ್ತು. ಇದು ಯಾರ ಸೊಂಟಕ್ಕೆ ಅಂತ ಸಂಕ್ರಾಂತಿ ದಿನ ಹೇಳ್ತೀನಿ. ಅಲ್ಲೀವರ್ಗೆ ಗೂಟದಲ್ಲಿರ್ತದೆ. ಬಾಗ್ಲು ತೆಗೆಯೋರು ನನ್ನ ಕಿವಿಗೆ ಕೇಳೋ ಹಂಗೆ ತೆಗೀರಿ."

ಉಗ್ರಾಣವೆಂದರೆ ನಡುಮನೆಗೂ ಅಡುಗೆಮನೆಗೂ ನಡುವೆ ಇದ್ದ ಕಿಟಕಿಯಿಲ್ಲದ ಕೋಣೆ. ಬಾಗಿಲು ತೆರೆದರೆ ಮೊದಲು ಮೆಣಸಿನಕಾಯಿಯ ಘಾಟು, ಆಮೇಲೆ ಕೊಬ್ಬರಿ, ಕೊನೆಗೆ ಹರಳೆಣ್ಣೆ. ಒಳಗೆ ಮೂರು ಸಾಲು ಗುಡಾಣಗಳು, ಅವುಗಳ ಮೇಲೆ ಮಡಕೆಗಳು, ಅಟ್ಟದಲ್ಲಿ ಬೆಲ್ಲ. ಮನೆಗೆ ದೊಡ್ಡಪ್ಪ ಯಜಮಾನರು. ಪೇಟೆಯಲ್ಲಿ ಅವರ ಕೊಬ್ಬರಿ ಮಂಡಿ ಇತ್ತು, ಊರಾಚೆ ಹೊಲ ಇತ್ತು. ಆದರೆ ಮಧ್ಯಾಹ್ನ ತಟ್ಟೆಗೆ ಏನು ಬೀಳಬೇಕೆಂಬುದು ಬೆಳಿಗ್ಗೆ ಆ ಬಾಗಿಲಿನ ಮುಂದೆ ತೀರ್ಮಾನವಾಗುತ್ತಿತ್ತು. ದಿನದ ಜೋಳ, ರಾಗಿ, ಬೇಳೆ, ಉಪ್ಪು ಎಲ್ಲವನ್ನೂ ಅಜ್ಜಿಯೇ ಅಳೆದು ಹೊರಗೆ ಕೊಡುತ್ತಿದ್ದರು. ತೆಗೆದುಕೊಳ್ಳಲು ಖಾಲಿ ಮೊರ ಹಿಡಿದು ಹೊಸಲಿನ ಈಚೆ ನಿಲ್ಲುತ್ತಿದ್ದವರು ಗಂಗಮ್ಮತ್ತೆ.

ಗಂಗಮ್ಮತ್ತೆ ನನ್ನ ಅಪ್ಪನಿಗೆ ಅಕ್ಕ, ದೊಡ್ಡಪ್ಪನಿಗೆ ತಂಗಿ. ಹಿರೇನಲ್ಲೂರಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೂ ಮೂರು ವರ್ಷ ಅಲ್ಲಿದ್ದರು. ಅಲ್ಲಿ ಅವರಿಗೆ ಹಿಟ್ಟು ಅಳೆದು ಕೊಟ್ಟು, ಸುಟ್ಟ ರೊಟ್ಟಿಗಳನ್ನು ಎಣಿಸಿ ತೆಗೆದುಕೊಳ್ಳುತ್ತಿದ್ದರಂತೆ. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಅದು ಅತ್ತೆಯ ಪಾಲಿನಿಂದ ಹೋಗುತ್ತಿತ್ತು. ಇದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು, ರೊಟ್ಟಿ ತಟ್ಟುತ್ತಲೇ ಹೇಳಿದರು. ನಾನು ಹುಟ್ಟುವುದಕ್ಕೆ ಮೊದಲೇ ತವರಿಗೆ ಬಂದು ಒಲೆಯ ಮುಂದೆ ಕುಳಿತವರು ಮತ್ತೆ ಎದ್ದಿರಲಿಲ್ಲ.

ದೊಡ್ಡಮ್ಮ ಕೆಟ್ಟವರಲ್ಲ, ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ದೊಡ್ಡಪ್ಪನ ಹೆಂಡತಿ, ಮನೆಯ ಹಿರಿಸೊಸೆ. ತರೀಕೆರೆಯಲ್ಲಿ ಜವಳಿ ಅಂಗಡಿ ಇಟ್ಟವರ ಮನೆಯಿಂದ ಬಂದಿದ್ದರು. ಗೊಂಚಲು ತಮಗೆ ಬರಬೇಕಾದದ್ದು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅದು ಬಂದ ಮೇಲೆ ಒಂದು ಒಲೆಗೆ ಇಬ್ಬರು ಒಡತಿಯರು ಬೇಡ, ಗಂಗಮ್ಮ ಗಂಡನ ಮನೆಗೆ ಹೋಗಲಿ ಎಂದು ದೊಡ್ಡಪ್ಪನ ಹತ್ತಿರ ಹೇಳಿಯೂ ಇದ್ದರು. ಹಿರೇನಲ್ಲೂರಿನವರಿಗೂ ಅಡುಗೆಗೆ ಒಬ್ಬರು ಬೇಕಾಗಿತ್ತು. ಶಿವರಾತ್ರಿ ಆದ ಮಾರನೆಯ ದಿನ ಗಾಡಿ ಕಳಿಸುತ್ತೇವೆಂದು ಹೇಳಿಕಳಿಸಿದ್ದರು. ಗೊಂಚಲು ದೊಡ್ಡಮ್ಮನ ಸೊಂಟಕ್ಕೆ ಹೋದರೆ ಅತ್ತೆ ಗಾಡಿ ಹತ್ತಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ. ಅದರ ಬದಲು ಆ ಎರಡು ತಿಂಗಳು ಮನೆಯವರೆಲ್ಲ ಕಪ್ತಾನ ಸೋಮಾಜಿಯ ವಿಷಯಕ್ಕೆ ಜಗಳವಾಡಿದರು.

ಕಪ್ತಾನ ಸೋಮಾಜಿ ಕಡಲುಗಳ್ಳ. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ ಒಂದು ಮಾಸಪತ್ರಿಕೆಯಲ್ಲಿ ಅವನ ಕತೆ ಶ್ರಾವಣದಿಂದ ಶುರುವಾಗಿತ್ತು. ಪತ್ರಿಕೆ ತರಿಸುತ್ತಿದ್ದವರು ದೊಡ್ಡಪ್ಪ, ಅದರಲ್ಲಿ ಬರುತ್ತಿದ್ದ ಪೇಟೆ ಧಾರಣೆಗಾಗಿ. ಕತೆ ಕೊನೆಯ ಹಾಳೆಗಳಲ್ಲಿರುತ್ತಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಬೇಕು. ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೆ. ತಿಂಗಳಿಗೆ ಒಂದೇ ಕಂತು ಬರುತ್ತಿದ್ದುದರಿಂದ ಒಂದೇ ಕಂತನ್ನು ನಾಲ್ಕು ಭಾನುವಾರ ಓದುತ್ತಿದ್ದೆ, ನಾಲ್ಕು ಸಲವೂ ಎಲ್ಲರೂ ಬಂದು ಕೂರುತ್ತಿದ್ದರು. ನಮ್ಮಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ಮದಗದ ಕೆರೆಯಷ್ಟಿರುತ್ತದೆಯೇ ಎಂದು ಅಜ್ಜಿ ಕೇಳಿದ್ದರು; ಅದಕ್ಕಿಂತ ದೊಡ್ಡದೆಂದು ಅಪ್ಪ ಹೇಳಿದಾಗ, ಏರಿ ಯಾರು ಕಟ್ಟಿದರು ಎಂದು ಕೇಳಿದ್ದರು.

ಜಗಳಕ್ಕೆ ಕಾರಣ ಒಂದು ವಾಕ್ಯ. ಮೊದಲ ಕಂತಿನಿಂದಲೂ ಸೋಮಾಜಿ ಕಪ್ತಾನನೇ. ಎರಡನೆಯ ಕಂತಿನಲ್ಲಿ ಕತೆಗಾರರು, ಯಾವುದೋ ಗುಂಡೇಟಿನ ವರ್ಣನೆಯ ನಡುವೆ, ಸೋಮಾಜಿ ಮೊದಲು ಅದೇ ಹಡಗಿನಲ್ಲಿ ಅಡುಗೆಯವನಾಗಿದ್ದನೆಂದು ಬರೆದು ಮುಂದೆ ಹೋಗಿಬಿಟ್ಟಿದ್ದರು. ಅಡುಗೆಯವನು ಕಪ್ತಾನನಾದದ್ದು ಹೇಗೆ ಎಂದು ಎಲ್ಲೂ ಹೇಳಲಿಲ್ಲ. ಕಾರ್ತಿಕದ ಸಂಚಿಕೆ ನಮಗೆ ತಲುಪಲೇ ಇಲ್ಲ. ಮಾರ್ಗಶಿರದ ಸಂಚಿಕೆಯ ಕತೆ 'ಸೋಮಾಜಿಯು ಕಪ್ತಾನನಾದ ಸಂಗತಿಯನ್ನು ಹಿಂದಿನ ಸಂಚಿಕೆಯಲ್ಲಿ ತಿಳಿಸಿದೆವಷ್ಟೆ' ಎಂದು ಆರಂಭವಾಯಿತು. ದೊಡ್ಡಪ್ಪ ಟಪಾಲು ಕಚೇರಿಗೆ ಎರಡು ಸಲ ಹೋಗಿ ಬಂದರು. ದೊಡ್ಡಮ್ಮ ತಮ್ಮ ತವರಿಗೆ ಕಾಗದ ಬರೆಸಿದರು. ಅಲ್ಲಿಗೂ ಅದೇ ಪತ್ರಿಕೆ ಹೋಗುತ್ತಿತ್ತು. ಕಾರ್ತಿಕದ ಸಂಚಿಕೆ ಬಂದಿತ್ತು, ಹುಡುಗರು ಅದನ್ನು ಹರಿದು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಿದ್ದಾರೆ ಎಂದು ತರೀಕೆರೆಯಿಂದ ಉತ್ತರ ಬಂತು. ಅಲ್ಲಿಂದ ಮುಂದೆ ಎಲ್ಲರೂ ತಮತಮಗೆ ತೋಚಿದ್ದನ್ನು ಹೇಳತೊಡಗಿದರು.

"ಇದ್ರಲ್ಲಿ ಯೋಚ್ನೆ ಮಾಡೋದೇನೈತೆ?" ಎಂದರು ದೊಡ್ಡಪ್ಪ. "ಹಳೇ ಕಪ್ತಾನನ್ನ ಕಡಿದು ಹಾಕಿರ್ತಾನೆ. ಕಳ್ಳರು ಕಣ್ರೋ ಅವ್ರು, ಮಠದೋರಲ್ಲ."

"ಕಡಿದೋನ ಮಾತು ನಾಳೆ ಯಾರು ಕೇಳ್ತಾರೆ?" ಎಂದರು ಅಜ್ಜಿ. "ಸಾಯೋ ಹೊತ್ನಲ್ಲಿ ಹಳಬ ಕರೆದು ಕೈಗೆ ಕೊಟ್ಟಿರ್ತಾನೆ. ಮಠದ ಹಿರೇ ಬುದ್ಧಿಯೋರು ತಾವಿರೋವಾಗ್ಲೇ ಇನ್ನೊಬ್ರಿಗೆ ಪಟ್ಟ ಕಟ್ಟಲ್ವಾ, ಹಂಗೆ."

ಅಪ್ಪ ಕಡೂರಿನ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು, ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಅವರ ಪ್ರಕಾರ ಮೇಲಿನಿಂದ ಹುಕುಂ ಇಲ್ಲದೆ ಯಾರೂ ಏನೂ ಆಗುವುದಿಲ್ಲ.

"ಕಳ್ಳರಿಗೆ ಮೇಲೆ ಯಾರಪ್ಪಾ ಇರ್ತಾರೆ?" ಎಂದು ದೊಡ್ಡಪ್ಪ ಕೇಳಿದರು.

"ಮೇಲೆ ಒಬ್ಬ ಇದ್ದೇ ಇರ್ತಾನೆ ಅಣ್ಣ. ಇಲ್ದೇ ಇದ್ರೆ ಅರ್ಜಿ ಯಾರಿಗೆ ಬರೀತಾರೆ?"

ದೊಡ್ಡಮ್ಮ ಅಡಿಕೆ ಕತ್ತರಿಸುತ್ತ ತಲೆಯೆತ್ತದೆ ಹೇಳಿದರು. "ಇವನು ಹಳೇ ಕಪ್ತಾನನ ಮಗನೋ ಅಳಿಯನೋ ಆಗಿರ್ಬೇಕು. ಏನೋ ಕಾರಣಕ್ಕೆ ಅಡುಗೆಮನೇಲಿ ಇಟ್ಟಿರ್ತಾರೆ. ಹಕ್ಕಿಲ್ದೋರಿಗೆ ಪಟ್ಟ ಎಲ್ಲಿಂದ ಬತ್ತದೆ? ಸೌಟು ಹಿಡಿದೋರೆಲ್ಲ ಕಪ್ತಾನ ಆಗೋದಾದ್ರೆ ಹಡಗು ಮುಳುಗೋಯ್ತದೆ."

ಅತ್ತೆ ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೊರಗಿ ಕುಳಿತಿದ್ದರು.

"ನೀನು ಏನಂತೀಯೇ ಗಂಗಾ?" ಎಂದು ಅಜ್ಜಿ ಕೇಳಿದರು.

"ಸುತ್ತ ಉಪ್ಪು ನೀರು ಅಂತ ಗಿರಿಜಾ ಓದಿದ್ಳಲ್ಲ. ಕುಡಿಯೋ ನೀರು ಪೀಪಾಯಿಲಿ ಇರ್ತದಂತೆ. ಅದು ಎಷ್ಟುಳಿದೈತೆ, ಎಷ್ಟು ದಿನಕ್ಕೆ ಬತ್ತದೆ ಅಂತ ಗೊತ್ತಿರೋದು ಯಾರಿಗೆ? ಅಡುಗೆಯೋನಿಗೆ. ಮೊದ್ಲು ನೀರಿನ ಮಾತು ಕೇಳಿರ್ತಾರೆ, ಆಮೇಲೆ ಎಲ್ಲಿ ದಡ ಹಿಡೀಬೇಕು ಅಂತ ಕೇಳಿರ್ತಾರೆ. ಕೇಳ್ತಾ ಕೇಳ್ತಾ ಎಲ್ಲಾನೂ ಅವನನ್ನೇ ಕೇಳೋ ಹಂಗಾಗಿರ್ತದೆ. ಯಾರೂ ಪಟ್ಟ ಕಟ್ಟಿರಲ್ಲ ಅವ್ವ."

ಆಮೇಲಿನ ಭಾನುವಾರಗಳಲ್ಲಿ ಓದು ಮುಗಿಯುತ್ತಲೇ ಕಪ್ತಾನನ ವಿಷಯ ಏನಾದರೂ ಬಂತೇ ಎಂದು ಮೊದಲು ಕೇಳುತ್ತಿದ್ದವರು ಅಜ್ಜಿಯೇ. ಪತ್ರಿಕೆಯಲ್ಲಿ ಬರುವ ಉತ್ತರಕ್ಕೆ ಅಜ್ಜಿ ಕಾಯುತ್ತಿದ್ದಾರೆ, ಆ ಉತ್ತರದ ಹಾಗೆ ಗೊಂಚಲು ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಆ ಲೆಕ್ಕ ಸರಿಯಿತ್ತೋ ಇಲ್ಲವೋ ಇಂದಿಗೂ ಹೇಳಲಾರೆ. ಅದನ್ನು ನಂಬಿ ನಾನು ಮಾಡಿದ್ದನ್ನು ಮಾತ್ರ ಹೇಳಬಲ್ಲೆ.

ಪುಷ್ಯದ ಸಂಚಿಕೆ ಸಂಕ್ರಾಂತಿಗೆ ಮೊದಲ ಭಾನುವಾರ ಕೈಗೆ ಬಂತು. ಎಲ್ಲರೂ ಕುಳಿತರು. ಅತ್ತೆಯ ಮುಂದೆ ಒಂದು ರಾಶಿ ಅವರೆಕಾಯಿ ಇತ್ತು. ಕತೆಯಲ್ಲಿ ಬಿರುಗಾಳಿ ಬಂದಿತ್ತು. ಎರಡನೆಯ ಹಾಳೆಯ ನಡುವೆ ನಾನು ಅಕ್ಷರಗಳ ಮೇಲೆ ಕಣ್ಣಿಟ್ಟುಕೊಂಡೇ, ಅಲ್ಲಿಲ್ಲದ್ದನ್ನು ಓದಲು ಶುರುಮಾಡಿದೆ. ರಾತ್ರಿ ಹಾಸಿಗೆಯಲ್ಲಿ ಹೊಂದಿಸಿಟ್ಟುಕೊಂಡಿದ್ದೆ, ಪತ್ರಿಕೆಯ ಭಾಷೆಯಲ್ಲೇ. ಹಳೆಯ ಕಪ್ತಾನನು ಕಾಲವಾದೊಡನೆ ನಾವಿಕರೆಲ್ಲರೂ ಒಂದೆಡೆ ನೆರೆದು, ನಮ್ಮ ಅನ್ನ ನೀರುಗಳ ಪ್ರಮಾಣವನ್ನು ಬಲ್ಲ ಸೋಮಾಜಿಯೇ ನಮಗೆ ಒಡೆಯನಾಗತಕ್ಕದ್ದೆಂದು ಏಕಕಂಠದಿಂದ ಘೋಷಿಸಿದರು. ಅಜ್ಜಿಯ ತಲೆ ಆಡತೊಡಗಿತು. ದೊಡ್ಡಮ್ಮನ ಅಡಿಕೆ ಕತ್ತರಿ ನಿಂತಿತು. ನನಗೆ ಹುರುಪು ಬಂದು ನಾವಿಕರಿಂದ ಇನ್ನೊಂದಿಷ್ಟು ಮಾತು ಆಡಿಸಿದೆ.

"ಗಿರಿಜಾ, ನಿಲ್ಸು," ಎಂದರು ಅತ್ತೆ. "ಅದು ಅಲ್ಲಿಲ್ಲ."

"ಐತೆ ಅತ್ತೆ."

"ನೀನು ಒಂದು ಮಗ್ಗುಲು ಓದಿ ಹಾಳೆ ಮಗುಚೋ ಹೊತ್ಗೆ ನಾನು ಒಂದು ಬೊಗಸೆ ಕಾಳು ಸುಲೀತೀನಿ. ಮೂರು ವಾರದಿಂದ ನೋಡ್ತಿದೀನಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಈವತ್ತು ಎರಡು ಬೊಗಸೆ ಆಗಿ ಮೂರನೇದಕ್ಕೆ ಬಂದೆ. ನೀನು ಹಾಳೆ ಮಗುಚಿಲ್ಲ."

ದೊಡ್ಡಪ್ಪ ಪತ್ರಿಕೆ ಕಿತ್ತುಕೊಂಡು ನೋಡಿ ಜೋರಾಗಿ ನಕ್ಕರು. "ಇಲ್ಲಿ ಬರೀ ಗಾಳಿ ಬೀಸ್ತೈತೆ ಕಣೇ! ಇವಳಿಗೆ ಒಂದು ಪತ್ರಿಕೇನೇ ಇಟ್ಕೊಡ್ಬೋದು." ದೊಡ್ಡಮ್ಮ ನಗಲಿಲ್ಲ. "ಎಳೇ ಹುಡುಗಿ. ಅವಳಿಗೇನು ಗೊತ್ತು? ಯಾರು ಹೇಳ್ಕೊಟ್ರೋ ಏನೋ," ಎಂದರು. ಅಜ್ಜಿಯ ತಲೆ ಆಡುವುದು ನಿಂತಿತ್ತು.

ಅತ್ತೆ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ನಾನೂ ಹಿಂದೆ ಹೋದೆ. ಒಲೆಗೆ ಸೌದೆ ಸರಿಸುತ್ತ ಕೇಳಿದರು:

"ನಂಗೋಸ್ಕರ ಓದಿದ್ಯಾ?"

"ಹೂಂ."

"ಇಲ್ಲದ್ದನ್ನ ಓದಿ ನನ್ನ ಉಳಿಸ್ಬೇಡ ಮಗಾ. ನಾಳೆ ನೀನು ಇದ್ದದ್ದನ್ನ ಓದಿದ್ರೂ ಯಾರೂ ನಂಬಲ್ಲ. ನಾನೂ ನಂಬಲ್ಲ."

"ಹಂಗಾದ್ರೆ ಹಿರೇನಲ್ಲೂರಿಗೆ ಹೋಗ್ತೀಯಾ?"

"ಇಲ್ಲ," ಎಂದರು. ಹೇಗೆ ಎಂದು ಹೇಳಲಿಲ್ಲ. ನನಗೆ ನೆನಪಿರುವಂತೆ ಅವರ ದನಿ ಏರಲಿಲ್ಲ, ಕೈ ಕೆಲಸ ನಿಲ್ಲಿಸಲಿಲ್ಲ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಹಂಚಿದ ಮೇಲೆ ಅಜ್ಜಿ ಗೊಂಚಲನ್ನು ತರಿಸಿ ದೊಡ್ಡಮ್ಮನ ಕೈಗೆ ಕೊಟ್ಟರು. "ಹಿರಿಸೊಸೆ ಇರೋವಾಗ ಬೇರೆಯೋರಿಗೆ ಕೊಟ್ರೆ ಬೀದಿಲಿ ಏನಂತಾರೆ," ಎಂದರು. ಅತ್ತೆ "ಸರಿ ಕಣವ್ವ" ಎಂದು ಹಬ್ಬದ ಅಡುಗೆ ಬಡಿಸಿದರು. ಮಾರನೆಯ ಬೆಳಿಗ್ಗೆಯಿಂದ ಅವರು ಒಂದು ಕಟ್ಟಳೆ ಹಾಕಿಕೊಂಡರು. ಕೇಳಿದ್ದಕ್ಕೆ ಉತ್ತರ ಹೇಳುವುದು, ಕೇಳದೆ ಬಾಯಿ ತೆರೆಯದಿರುವುದು. ದೊಡ್ಡಮ್ಮ ಕಣ್ಣಳತೆಯಲ್ಲಿ ಕೊಟ್ಟದ್ದನ್ನು ಮೊರದಲ್ಲಿ ಹಿಡಿದು ಅಷ್ಟನ್ನೇ ಬೇಯಿಸುತ್ತಿದ್ದರು. ಒಂದು ದಿನ ಮಂಡಿಯ ಆಳುಗಳಿಗೆ ಮುದ್ದೆ ಸಾಲಲಿಲ್ಲ. ಮಾರನೆಯ ದಿನ ನಾಯಿಗೂ ಮಿಕ್ಕಿತು.

"ಸಾಲ್ದು ಅಂತ ಮೊದ್ಲೇ ಹೇಳ್ಬಾರ್ದಾಗಿತ್ತೇನೇ?" ಎಂದು ದೊಡ್ಡಪ್ಪ ರೇಗಿದರು.

"ಕೇಳಿದ್ರೆ ಹೇಳ್ತಿದ್ದೆ ಅಣ್ಣ."

ದೊಡ್ಡಮ್ಮ ಕೇಳಲಿಲ್ಲ. ಅವರಿಗೂ ಒಂದು ಹಟ ಇತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಒಬ್ಬರೇ ಉಗ್ರಾಣದೊಳಗೆ ಹೋಗಿ ಗುಡಾಣಗಳ ಬಾಯಿಗೆ ಕೈ ಹಾಕಿ ನೋಡುತ್ತಿದ್ದರು. ಹೀಗೆ ಶಿವರಾತ್ರಿಗೆ ಹತ್ತು ದಿನ ಉಳಿಯಿತು. ಆ ಹೊತ್ತಿಗೆ ಮಠದ ಸ್ವಾಮಿಗಳು ಅಮೃತಾಪುರದ ಕಡೆ ಹೋಗುವವರು ನಾಳೆ ಮಧ್ಯಾಹ್ನದ ಪೂಜೆಗೆ ನಮ್ಮ ಮನೆಗೆ ಬರುತ್ತಾರೆ, ಜೊತೆಗೆ ನಲವತ್ತು ಜನ ಇರುತ್ತಾರೆ ಎಂದು ಮಠದವರು ಹೇಳಿಕಳಿಸಿದರು. ಒಳಗಿದ್ದ ಜೋಳದ ಗುಡಾಣ ಹತ್ತು ರೊಟ್ಟಿಗೂ ಸಾಲದಷ್ಟು ಇಳಿದಿತ್ತು. ದೊಡ್ಡಮ್ಮ ಹುಡುಕಿದರು. ಹಿಂದಿನ ಸಾಲಿನ ಮೂಲೆಯಲ್ಲಿ, ಬಾಯಿಗೆ ಸಗಣಿ ಮೆತ್ತಿ ಮುಚ್ಚಿದ ಒಂದು ಎತ್ತರದ ಗುಡಾಣ ಸಿಕ್ಕಿತು. ಒಡೆದು ನೋಡಿದರೆ ತುಂಬಾ ಜೋಳ, ಮೇಲೆಲ್ಲ ಬೂದಿ. ಜವಳಿ ಅಂಗಡಿಯ ಮನೆಯಲ್ಲಿ ಬೆಳೆದವರು, ಮುಚ್ಚಳ ಸರಿಯಿಲ್ಲದೆ ಒಲೆಯ ಬೂದಿ ಬಿದ್ದಿದೆ ಎಂದುಕೊಂಡರು. ಇಬ್ಬರು ಆಳು ಹೆಂಗಸರನ್ನು ಕರೆದು, ಗುಡಾಣವನ್ನು ಬಾವಿಕಟ್ಟೆಗೆ ಸಾಗಿಸಿ, ಎರಡು ನೀರಲ್ಲಿ ತೊಳೆದು ಬಿಸಿಲಿಗೆ ಹರವಿ ಎಂದರು.

ನಾನು ಅಡುಗೆಮನೆಯಲ್ಲಿದ್ದೆ. ಗುಡಾಣ ಹಿತ್ತಿಲಿಗೆ ಹೋಗುವುದನ್ನು ಅತ್ತೆ ಬಾಗಿಲಿನಿಂದ ನೋಡಿದರು. ಅದು ಮುಂಗಾರಿಗೆ ಇಟ್ಟ ಬಿತ್ತನೆಯ ಜೋಳ. ಹುಳ ಹಿಡಿಯದಿರಲೆಂದು ಕಾಳು ಕಾಳಿಗೂ ಬೂದಿ ಹತ್ತುವಂತೆ ಅವರೇ ಕೈಯಾರೆ ಬೆರೆಸಿದ್ದರು. ನೀರು ಬಿದ್ದರೆ ಅದು ಹೊಲಕ್ಕಲ್ಲ. ಅವರು ಸುಮ್ಮನಿದ್ದಿದ್ದರೆ ಸಂಜೆಯ ಒಳಗೆ ಗೊಂಚಲು ದೊಡ್ಡಮ್ಮನ ಸೊಂಟದಿಂದ ಇಳಿಯುತ್ತಿತ್ತು. ಕೇಳಲಿಲ್ಲ, ಹೇಳಲಿಲ್ಲ ಎಂದರೆ ಅವರ ಮೇಲೆ ಯಾರೂ ತಪ್ಪು ಹೊರಿಸುವಂತಿರಲಿಲ್ಲ. ಬಾವಿಯಲ್ಲಿ ರಾಟೆ ಕಿರುಗುಟ್ಟಿತು. ಒಂದು ಕೊಡ ಮೇಲೆ ಬರುವಷ್ಟು ಹೊತ್ತು ಅತ್ತೆ ಅಲ್ಲೇ ನಿಂತಿದ್ದರು. ಆಮೇಲೆ ಹಿಟ್ಟಿನ ಕೈಯಲ್ಲೇ ಹೋಗಿ ಗುಡಾಣದ ಬಾಯಿಗೆ ಎರಡೂ ಅಂಗೈ ಅಡ್ಡ ಇಟ್ಟರು.

"ಅತ್ತಿಗೆ, ಇದೇನು ಅಂತ ನನ್ನ ಕೇಳಿ."

"ಕೇಳೋದೇನು? ಜೋಳ ಅಂತ ಕಣ್ಣಿಗೆ ಕಾಣಲ್ವಾ? ಕೈ ತೆಗೀ ಗಂಗಮ್ಮ, ಹೊತ್ತಾಯ್ತದೆ."

"ಕೇಳಿ ಅತ್ತಿಗೆ."

ಕೊಡ ಹಿಡಿದ ಹೆಂಗಸು ಹಾಗೇ ನಿಂತಳು. ದೊಡ್ಡಮ್ಮ ಅತ್ತೆಯ ಮುಖ ನೋಡಿದರು, ಬೂದಿ ನೋಡಿದರು. ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದರು. ಅವರ ದನಿ ಬಹಳ ತಗ್ಗಿತ್ತು.

"ಏನಿದು?"

"ಬಿತ್ತನೆ."

ದೊಡ್ಡಮ್ಮ ಕಾಳನ್ನು ಒಂದೂ ಚೆಲ್ಲದಂತೆ ಮತ್ತೆ ಗುಡಾಣಕ್ಕೆ ಹಾಕಿದರು. ಸೆರಗಿನಿಂದ ಕೈ ಒರೆಸಿಕೊಂಡರು.

"ಊಟದ್ದು ಎಲ್ಲೈತೆ?"

"ಹಿತ್ತಿಲ ಹಗೇವಿನಲ್ಲಿ. ನೆಲದೊಳಗಿನ ಗುಂಡಿ, ಬಾಯಿ ತೆಗೆದ ತಕ್ಷಣ ಇಳಿಯೋ ಹಂಗಿಲ್ಲ, ಕೆಟ್ಟ ಗಾಳಿ ಇರ್ತದೆ. ಈಗ ತೆಗೆಸಿಟ್ರೆ ಸಂಜೆ ದೀಪ ಇಳಿಬಿಟ್ಟು ನೋಡಿ ಆಳು ಇಳೀಬೋದು."

"ಬೇಳೆ ಸಾಲ್ತದಾ?"

"ಸಾಲ್ತದೆ."

"ಬೆಲ್ಲ?"

"ಪಾಯಸಕ್ಕೆ ಸಾಲ್ತದೆ, ಹೋಳಿಗೆಗೆ ಸಾಲ್ದು."

"ಹಂಗಾದ್ರೆ ಪಾಯಸಾನೇ ಮಾಡು. ಬುದ್ಧಿಯೋರಿಗೆ ಹಾಲು ಎಷ್ಟು ಬೇಕಾಯ್ತದೆ?"

ಅದಕ್ಕೂ ಅತ್ತೆ ಉತ್ತರ ಹೇಳಿದರು. ಮಾರನೆಯ ದಿನ ನಲವತ್ತರ ಬದಲು ಐವತ್ತು ಜನ ಉಂಡರು. ಬಿತ್ತನೆಯ ವಿಷಯವನ್ನು ದೊಡ್ಡಪ್ಪನಿಗೆ ಅತ್ತೆಯೂ ಹೇಳಲಿಲ್ಲ, ಆಳುಗಳೂ ಹೇಳಲಿಲ್ಲ. ದೊಡ್ಡಮ್ಮನೇ ಹೇಳಿದರು, ಸಂಜೆ, ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ನಿಂತು. ಅಜ್ಜಿ ಕೇಳಿಸಿಕೊಂಡು ಅತ್ತ ಮಗ್ಗುಲಾದರು.

ಶಿವರಾತ್ರಿಯ ಮಾರನೆಯ ದಿನ ಹಿರೇನಲ್ಲೂರಿನ ಗಾಡಿ ಬಂತು. ಅತ್ತೆಯ ಮೈದುನ ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. ಬಾಗಿಲಿಗೆ ಬಂದವರು ದೊಡ್ಡಮ್ಮ, ಗೊಂಚಲು ಸೊಂಟದಲ್ಲಿತ್ತು.

"ಅವ್ರು ಬರಲ್ಲ ಕಣ್ರೀ. ಇಲ್ಲಿ ಕೆಲ್ಸ ಐತೆ."

"ಗಾಡಿ ಕಳ್ಸಿ ಅಂತ ಹೋದ ತಿಂಗ್ಳು ನೀವೇ ಹೇಳಿಕಳಿಸಿದ್ರಲ್ಲ?"

"ಹೇಳಿಕಳಿಸಿದ್ದೆ. ಈಗ ನಾನೇ ಬೇಡ ಅಂತಿದೀನಿ."

ಗಾಡಿ ಬಂದ ದಾರಿಯಲ್ಲೇ ಹೋಯಿತು. ಮುಂದಿನ ಭಾನುವಾರ ಪತ್ರಿಕೆಯನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಮಧ್ಯೆ ಒಂದು ಕಂತನ್ನು ಅಪ್ಪ ಓದಿದ್ದರು. ಅವರು ಬಿರುಗಾಳಿಯನ್ನೂ ಕಂದಾಯದ ನೋಟೀಸಿನ ಹಾಗೆ ಓದಿದ್ದರಿಂದ ಯಾರಿಗೂ ತೃಪ್ತಿಯಾಗಿರಲಿಲ್ಲ. ಓದು ಮುಗಿದಾಗ ದೊಡ್ಡಮ್ಮ ಕೇಳಿದರು:

"ಅಡುಗೆಯೋನು ಕಪ್ತಾನ ಆದ ಮೇಲೆ ಅಡುಗೆ ಯಾರು ಮಾಡ್ತಿದ್ರು?"

"ಅವನೇ," ಎಂದರು ಅತ್ತೆ.

ಅತ್ತೆ ಇದ್ದಷ್ಟು ದಿನವೂ ಗೊಂಚಲು ದೊಡ್ಡಮ್ಮನ ಸೊಂಟದಲ್ಲೇ ಇತ್ತು. ಬೆಳಿಗ್ಗೆ ಮೊರ ಹಿಡಿದು ಉಗ್ರಾಣದ ಹೊಸಲಿಗೆ ಹೋಗುವುದನ್ನು ಅತ್ತೆ ಬಿಟ್ಟರು. ದೊಡ್ಡಮ್ಮನೇ ಅಡುಗೆಮನೆಗೆ ಬಂದು ಏನೇನು ತೆಗೆಯಲಿ ಎಂದು ಕೇಳಿಕೊಂಡು ಹೋಗುತ್ತಿದ್ದರು. ಅಜ್ಜಿ ಅದೇ ವರ್ಷ ತೀರಿಕೊಂಡರು. ಕತೆ ಮುಂದಿನ ಯುಗಾದಿಗೆ ಮುಗಿಯಿತು; ಸೋಮಾಜಿಯ ಹಡಗು ಮಂಜಿನಲ್ಲಿ ಮರೆಯಾಯಿತು.

ಮುಂದೆ ನಾನು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ನಿಂತುಹೋದ ಆ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಒಬ್ಬ ಅಚ್ಚುಮೊಳೆ ಜೋಡಿಸುವವರ ಮನೆಯಲ್ಲಿ ಇದ್ದವು. ಕಾರ್ತಿಕದ ಸಂಚಿಕೆಯೂ ಇತ್ತು. ಬೇಕಾದ ಭಾಗವನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡು, ರಜೆಯಲ್ಲಿ ಊರಿಗೆ ಹೋಗಿ ಅತ್ತೆಗೆ ಓದಿದೆ. ಆಗ ಅವರಿಗೆ ಕೂದಲೆಲ್ಲ ಬೆಳ್ಳಗಾಗಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕುಳಿತಿದ್ದರು. ನಾನು ಓದಿದ್ದು ಇಷ್ಟು: 'ಹಳೆಯ ಕಪ್ತಾನನು ಜ್ವರದಿಂದ ಮೃತನಾದನು. ತರುವಾಯ ಸೋಮಾಜಿಯು ಕಪ್ತಾನನಾದನು.'

"ಅಷ್ಟೇನಾ?" ಎಂದರು ಅತ್ತೆ.

"ಅಷ್ಟೇ."

"ಎರಡರ ಮಧ್ಯೆ ಏನೂ ಬರೆದಿಲ್ವಾ?"

"ಇಲ್ಲ ಅತ್ತೆ."

"ಇನ್ನೊಂದ್ಸಲ ಓದು. ಹಂಗೇ ಓದು, ಏನೂ ಸೇರಿಸ್ಬೇಡ."

ಇನ್ನೊಂದು ಸಲ ಓದಿದೆ.

ಅತ್ತೆ ಅದಾಗಿ ಆರು ವರ್ಷ ಬದುಕಿದ್ದರು. ಅವರನ್ನು ಮಣ್ಣು ಮಾಡಿ ಬಂದ ದಿನ ದೊಡ್ಡಮ್ಮ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ನಡುಮನೆಯ ಗೂಟಕ್ಕೆ ನೇತುಹಾಕಿದರು. ಅವರ ಕಣ್ಣು ಚೆನ್ನಾಗಿಯೇ ಇತ್ತು. ಕಳೆದ ತಿಂಗಳು ನಾನು ಅಜ್ಜಂಪುರಕ್ಕೆ ಹೋದಾಗ ಗೊಂಚಲು ಅದೇ ಗೂಟದಲ್ಲಿತ್ತು.